ನಿಂತ ಬೈಕೇ ಭಾರ: ಹಿಪ್ ರಿಪ್ಲೇಸ್‌ಮೆಂಟ್ ಆದ ಮೇಲೆ ಬುಲೆಟ್ ಹತ್ತಿದ ಒಬ್ಬರ ಪ್ರಕರಣ

ನಾನು ಮಲೆನಾಡಿನ ಒಂದು ತಾಲ್ಲೂಕು ಊರಲ್ಲಿ ಫಿಸಿಯೋಥೆರಪಿ ಕ್ಲಿನಿಕ್ ಇಟ್ಟುಕೊಂಡಿದ್ದೇನೆ. ಬರುವವರಲ್ಲಿ ಅರ್ಧ ಜನ ಮಂಡಿ ನೋವಿನವರು. ಉಳಿದವರು ಎಲ್ಲಿಂದಲೋ ಬಿದ್ದವರು: ಮರದಿಂದ, ಏಣಿಯಿಂದ, ಬೈಕಿನಿಂದ. ಈ ಬರಹದ ಮನುಷ್ಯ ಬೈಕಿನಿಂದ ಬಿದ್ದವರಲ್ಲ, ಆದರೆ ಬೈಕಿನ ವಿಷಯಕ್ಕೆ ಒಂದು ವರ್ಷ ನನ್ನ ತಲೆ ತಿಂದವರು. ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಅಲ್ಲಲ್ಲಿ ಬದಲಿಸಿದ್ದೇನೆ.

ಹೆಸರು ಬೇಡ, "ರೈಟರು" ಅಂತಲೇ ಕರೆಯೋಣ. ಕಾಫಿ ಸೀಮೆಯವರಿಗೆ ಗೊತ್ತಿರುತ್ತದೆ, ಇಲ್ಲಿ ರೈಟರ್ ಅಂದರೆ ಕಥೆ ಬರೆಯುವವರಲ್ಲ. ಬೆಳಿಗ್ಗೆ ಆಳುಗಳ ಹಾಜರಿ ಹಾಕಿ, ಚೆಕ್‌ರೋಲ್ ಬರೆದು, ಆಮೇಲೆ ಯಾವ ಬ್ಲಾಕಿನಲ್ಲಿ ಏನು ಕೆಲಸ ನಡೀತಿದೆ ಅಂತ ದಿನವಿಡೀ ತೋಟ ಸುತ್ತುವವರು. ಇವರು ಸುತ್ತುತ್ತಿದ್ದದ್ದು ಬುಲೆಟ್‌ನಲ್ಲಿ. ತೊಂಬತ್ತರ ದಶಕದ ಹಳೇ ಕಾಸ್ಟ್ ಐರನ್ ಬುಲೆಟ್, 350 ಸಿಸಿ. ಕಿಕ್ಕರ್ ಮಾತ್ರ, ಸೆಲ್ಫ್ ಇಲ್ಲ.

ಮಂಡಿ ನೋವು ಅಂತ ಬಂದದ್ದು

ರೈಟರಿಗೆ ಆಗ 52 ವರ್ಷ. ಐದು ಅಡಿ ಹನ್ನೊಂದು ಇಂಚಿನ ಆಳು. ಈ ಎತ್ತರ ಮುಂದೆ ಲೆಕ್ಕಕ್ಕೆ ಬರುತ್ತದೆ, ನೆನಪಿಟ್ಟುಕೊಳ್ಳಿ. 2021ರ ಮೇ ತಿಂಗಳಲ್ಲಿ ಕೋವಿಡ್ ಆಗಿ ಆಕ್ಸಿಜನ್ ಮೇಲಿದ್ದರು. ಸ್ಟೀರಾಯ್ಡ್ ಕೊಟ್ಟಿದ್ದರು, ಬದುಕಿ ಬಂದರು. ಒಂದು ವರ್ಷ ಕಳೆದು 2022ರ ಮಳೆಗಾಲದಲ್ಲಿ ಎಡಗಾಲಿನ ಮಂಡಿ ಹಿಡಿದುಕೊಳ್ಳೋಕೆ ಶುರುವಾಯಿತು. ಮಂಡಿ ಎಕ್ಸ್‌ರೇ ತೆಗೆಸಿದರು, ಏನೂ ಇಲ್ಲ. ಎಣ್ಣೆ ತಿಕ್ಕಿಸಿದರು, ನೋವಿನ ಮಾತ್ರೆ ನುಂಗಿದರು, ಯಾರೋ ಹೇಳಿದರು ಅಂತ ಮಂಡಿಗೆ ಪಟ್ಟಿ ಕಟ್ಟಿಕೊಂಡು ಓಡಾಡಿದರು. ಹೀಗೆ ಏಳೆಂಟು ತಿಂಗಳು ಹೋಯಿತು.

ನನ್ನ ಹತ್ತಿರ ಬಂದದ್ದೂ ಮಂಡಿ ನೋವು ಅಂತಲೇ. ಮಲಗಿಸಿ, ಕಾಲು ಮಡಚಿ, ಪಾದವನ್ನು ನಿಧಾನಕ್ಕೆ ಹೊರಗಡೆ ತಳ್ಳಿದೆ. ಹಾಗೆ ತಳ್ಳಿದಾಗ ಸೊಂಟದ ಕೀಲು ಒಳಗೆ ತಿರುಗುತ್ತದೆ. ರೈಟರು ತೊಡೆಸಂದಿಗೆ ಕೈ ಹಾಕಿ "ಅಯ್ಯೋ ಬಿಡಿ ಮೇಡಂ" ಅಂತ ಕೂಗಿದರು. ಸೊಂಟದ ಕೀಲಿನ ನೋವು ಮಂಡಿಯಲ್ಲಿ ಕಾಣಿಸಿಕೊಳ್ಳೋದು ತುಂಬಾ ಹಳೇ ಮೋಸ. ಮಂಡಿ ಎಕ್ಸ್‌ರೇ ಚೆನ್ನಾಗಿದ್ದು ನೋವು ಮಾತ್ರ ಹೋಗ್ತಾ ಇಲ್ಲ ಅಂದರೆ ಒಂದು ಕೀಲು ಮೇಲೆ ನೋಡಬೇಕು.

ಎಂಆರ್‌ಐ ಆಯಿತು. ಎವಿಎನ್, ಅಂದರೆ ಅವ್ಯಾಸ್ಕ್ಯುಲರ್ ನೆಕ್ರೋಸಿಸ್. ತೊಡೆಮೂಳೆಯ ಮೇಲ್ತುದಿಯ ಗುಂಡನೆಯ ಭಾಗಕ್ಕೆ ರಕ್ತ ಸರಿಯಾಗಿ ಹೋಗದೆ ಮೂಳೆ ಒಳಗೊಳಗೇ ಸತ್ತು, ಮೊಟ್ಟೆ ಚಿಪ್ಪಿನ ಹಾಗೆ ಕುಸಿದಿತ್ತು. ಇದಕ್ಕೆ ಸ್ಟೀರಾಯ್ಡ್ ಒಂದು ಕಾರಣ, ಕುಡಿತ ಇನ್ನೊಂದು. ರೈಟರಿಗೆ ಎರಡೂ ಇತ್ತು. ಬೇಗ ಗೊತ್ತಾಗಿದ್ದರೆ ಮೂಳೆಗೆ ತೂತು ಕೊರೆದು ಒತ್ತಡ ಇಳಿಸಿ ನೋಡಬಹುದಿತ್ತು. ಕುಸಿದ ಮೇಲೆ ಆ ದಾರಿ ಇಲ್ಲ. 2023ರ ಜೂನ್‌ನಲ್ಲಿ ಘಾಟಿ ಕೆಳಗಿನ ಒಂದು ಆಸ್ಪತ್ರೆಯಲ್ಲಿ ಎಡಗಡೆ ಹಿಪ್ ಪೂರ್ತಿ ಬದಲಿಸಿದರು. ನಮ್ಮ ಕಡೆ ಜನ "ಬಾಲ್ ಹಾಕಿಸಿದ್ದಾರೆ" ಅನ್ನುತ್ತಾರಲ್ಲ, ಅದೇ. ತೊಡೆಮೂಳೆಯೊಳಗೆ ಒಂದು ಲೋಹದ ಕಂಬಿ, ಅದರ ತುದಿಗೆ ಸೆರಾಮಿಕ್ ಗುಂಡು, ಸೊಂಟದ ಕಡೆ ಒಂದು ಬಟ್ಟಲು, ಬಟ್ಟಲೊಳಗೆ ಪ್ಲಾಸ್ಟಿಕ್ ಪದರ. ಸಿಮೆಂಟ್ ಹಾಕಿರಲಿಲ್ಲ. ಕೊಯ್ದದ್ದು ಹಿಂದುಗಡೆಯಿಂದ.

ಹಿಂದಿನಿಂದ ಮಾಡಿದರೆ ಮೊದಲ ವಾರಗಳಲ್ಲಿ ಮೂರು ವಿಷಯದಲ್ಲಿ ಹುಷಾರಾಗಿರಬೇಕು. ಸೊಂಟ 90 ಡಿಗ್ರಿಗಿಂತ ಜಾಸ್ತಿ ಮಡಚಬಾರದು, ಕಾಲ ಮೇಲೆ ಕಾಲು ಹಾಕಬಾರದು, ಕಾಲನ್ನು ಒಳಕ್ಕೆ ತಿರುಗಿಸಬಾರದು. ಮೂರೂ ಒಟ್ಟಿಗೆ ಆದರೆ ಗುಂಡು ಬಟ್ಟಲಿನಿಂದ ಜಾರಿ ಆಚೆ ಬರಬಹುದು. ನೆಲದ ಮೇಲೆ ಕೂರೋದು, ಇಂಡಿಯನ್ ಟಾಯ್ಲೆಟ್ಟು, ಬಗ್ಗಿ ಚಪ್ಪಲಿ ಹಾಕೋದು ಎಲ್ಲ ಬಂದ್. ಇಷ್ಟನ್ನು ಆಸ್ಪತ್ರೆಯಲ್ಲಿ ಚೆನ್ನಾಗಿ ಹೇಳಿ ಕಳಿಸಿದ್ದರು.

ಬೈಕ್ ಬಗ್ಗೆ ಹೇಳಿದ್ದು ಒಂದೇ ಮಾತು. "ಮೂರು ತಿಂಗಳು ಮುಟ್ಟಬೇಡಿ. ಆಮೇಲೂ ಬಿಟ್ಟರೆ ಒಳ್ಳೇದು."

ಸರ್ಜನ್ ಹಾಗೆ ಹೇಳಿದ್ದರಲ್ಲಿ ತಪ್ಪಿಲ್ಲ. ಬೈಕಿನಿಂದ ಬಿದ್ದು ಆ ಕಂಬಿಯ ಸುತ್ತ ಮೂಳೆ ಮುರಿದರೆ ಜೋಡಿಸೋದು ಮಾಮೂಲಿ ಮೂಳೆ ಮುರಿತದ ಹಾಗಲ್ಲ, ಅದು ದೊಡ್ಡ ರಗಳೆ. ಆದರೆ ರೈಟರ ಕಿವಿಗೆ ಬಿದ್ದದ್ದು "ಮೂರು ತಿಂಗಳು" ಅನ್ನೋದಷ್ಟೇ. ಕ್ಯಾಲೆಂಡರಿನಲ್ಲಿ ಸೆಪ್ಟೆಂಬರ್ ತಿಂಗಳಿಗೆ ಗುರುತು ಹಾಕಿಕೊಂಡರು. ನವೆಂಬರ್ ಕೊನೆಗೆ ಅರೇಬಿಕಾ ಕುಯ್ಲು, ಅಷ್ಟರೊಳಗೆ ತೋಟದಲ್ಲಿ ಇರಲೇಬೇಕು. ಬೇರೆ ರೈಟರ್ ಬಂದು ಕೂತುಬಿಟ್ಟರೆ ಅನ್ನೋ ಹೆದರಿಕೆ. ಇದನ್ನು ಅವರು ಬಾಯಿಬಿಟ್ಟು ಹೇಳಿದ್ದು ತುಂಬಾ ತಡವಾಗಿ.

ಐದನೇ ವಾರ, ಶೆಡ್ಡಿನಲ್ಲಿ

ಐದನೇ ವಾರ ಒಂದು ಬೆಳಿಗ್ಗೆ ಅವರ ಮನೆಯವರು ಫೋನ್ ಮಾಡಿದರು. "ಮೇಡಂ, ಇವರು ಗಾಡಿ ಹತ್ತಿದ್ದಾರೆ."

ಹೋಗಿ ವಿಚಾರಿಸಿದೆ. ಬುಲೆಟ್ ಶೆಡ್ಡಿನಲ್ಲಿ ಡಬಲ್ ಸ್ಟ್ಯಾಂಡ್ ಮೇಲೆ ನಿಂತಿತ್ತು. ಸ್ಟಾರ್ಟ್ ಮಾಡಿಲ್ಲ, ಸುಮ್ನೆ ಕೂರೋಣ ಅಂತ ಹತ್ತಿದ್ದಾರೆ. ಹತ್ತೋದು ಸಲೀಸಾಗಿ ಆಗಿದೆ. ಇಳಿಯುವಾಗ ಎಡಗಾಲು ನೆಲಕ್ಕೆ ಊರಿ, ಬಲಗಾಲನ್ನು ಸೀಟಿನ ಮೇಲಿಂದ ಈಚೆ ತಂದು, ಇನ್ನೂ ಹ್ಯಾಂಡಲ್ ಹಿಡಿದುಕೊಂಡು ಮುಂದಕ್ಕೆ ಬಗ್ಗಿರುವಾಗಲೇ ಎಡಗಡೆ ಬಾಗಿಲಿನಿಂದ "ಏನ್ರೀ ಅದು!" ಅಂತ ದನಿ ಬಂದಿದೆ. ಕಾಲು ಊರಿದಲ್ಲೇ ಇತ್ತು, ಮೈ ಮಾತ್ರ ಎಡಕ್ಕೆ ತಿರುಗಿತು. ತೊಡೆಸಂದಿನಲ್ಲಿ "ಕಟ್" ಅಂದಿದೆ.

ಆಮೇಲೆ ನಾನೇ ಒಂದು ಸ್ಟೂಲ್ ಹಿಡಿದುಕೊಂಡು ಅದೇ ಭಂಗಿ ಮಾಡಿ ನೋಡಿದೆ. ಊರಿದ ಎಡಗಾಲಿನ ಮೇಲೆ ಮೈಯನ್ನು ಎಡಕ್ಕೆ ತಿರುಗಿಸಿದರೆ ಆ ಕಾಲು ಸೊಂಟದ ಲೆಕ್ಕದಲ್ಲಿ ಒಳಕ್ಕೆ ತಿರುಗಿದ ಹಾಗೆ. ಅದರ ಮೇಲೆ ಮುಂದೆ ಬಗ್ಗಿರುವುದು ಬೇರೆ. ಮಾಡಬಾರದು ಅಂತ ಹೇಳಿದ್ದ ಮೂರರಲ್ಲಿ ಎರಡು ಒಂದೇ ಸಲಕ್ಕೆ ಆಗಿತ್ತು. ಎಕ್ಸ್‌ರೇ ತೆಗೆಸಿದೆವು, ಗುಂಡು ಇದ್ದಲ್ಲೇ ಇತ್ತು. ಪುಣ್ಯ.

ಅಲ್ಲಿಯವರೆಗೆ ನಾನು ಬೈಕ್ ಮಾತೆತ್ತಿದರೆ ಸಾಕು "ಬೇಡ" ಅಂದುಬಿಡುತ್ತಿದ್ದೆ. ಹಾಗೆ ಅಂದದ್ದರಿಂದ ಅವರು ಹತ್ತುವುದೇನೂ ನಿಲ್ಲಲಿಲ್ಲ, ನನಗೆ ಹೇಳುವುದು ನಿಂತಿತು ಅಷ್ಟೆ. ಅವತ್ತು ಶೆಡ್ಡಿನ ಹೊರಗಿನ ಕಲ್ಲಿನ ಮೇಲೆ (ಎತ್ತರದ ಕಲ್ಲು, ಕೆಳಗಿನದಕ್ಕೆ ಕೂರಲು ಬಿಡಲಿಲ್ಲ) ಕೂತು ಒಂದು ಒಪ್ಪಂದ ಮಾಡಿಕೊಂಡೆವು. ನಾನು ತಾರೀಖು ಹೇಳುವುದಿಲ್ಲ. ಏನೇನು ಮಾಡಲು ಬರಬೇಕು ಅಂತ ಹೇಳುತ್ತೇನೆ. ಅದು ಬಂದ ದಿನ ಮುಂದಿನ ಹೆಜ್ಜೆ. ಅವರ ಕಡೆಯಿಂದ ಒಂದೇ ಮಾತು: ಕದ್ದು ಹತ್ತುವುದಿಲ್ಲ.

ಮನೆಯವರು ನಡುವೆ ಬಾಯಿ ಹಾಕಿ, "ಕೀ ನನ್ನ ಹತ್ರ ಇರ್ಲಿ" ಅಂದರು. ಹಾಗೇ ಆಯಿತು.

ಒಂಟಿ ಕಾಲಿನ ಮೇಲೆ

ಮೊದಲ ಪರೀಕ್ಷೆ ಸುಲಭ. ಆಪರೇಷನ್ ಆದ ಕಾಲೊಂದರ ಮೇಲೆ 30 ಸೆಕೆಂಡ್ ನಿಲ್ಲಬೇಕು, ಇನ್ನೊಂದು ಕಡೆಯ ಸೊಂಟ ಜೋತು ಬೀಳಬಾರದು. ಸೊಂಟದ ಪಕ್ಕದಲ್ಲಿ ಒಂದು ಸ್ನಾಯು ಇದೆ, ಒಂಟಿ ಕಾಲಿನಲ್ಲಿ ನಿಂತಾಗ ನಮ್ಮನ್ನು ಮಟ್ಟಸವಾಗಿ ಹಿಡಿಯೋದೇ ಅದು. ವರ್ಷಗಟ್ಟಲೆ ಕುಂಟಿದವರಲ್ಲಿ ಅದು ಸೊರಗಿ ಹೋಗಿರುತ್ತದೆ. ಕೀಲು ಹೊಸದು ಹಾಕಬಹುದು, ಸ್ನಾಯು ಹಾಕೋಕಾಗಲ್ಲ ಅಲ್ವಾ.

ಬೈಕಿಗೂ ಇದಕ್ಕೂ ಏನು ಸಂಬಂಧ ಅಂತ ರೈಟರು ಕೇಳಿದರು. ನೀವು ಹೇಗೆ ಹತ್ತುತ್ತೀರಿ ಅಂತ ಯೋಚಿಸಿ ಅಂದೆ. ಎಡಗಡೆಯಿಂದ ಹತ್ತುತ್ತೇವೆ, ಎಡಗಾಲಿನ ಮೇಲೆ ನಿಂತು ಬಲಗಾಲು ಆಚೆ ಹಾಕುತ್ತೇವೆ. ನಿಲ್ಲಿಸಿದಾಗ ಊರುವುದೂ ಹೆಚ್ಚಾಗಿ ಎಡಗಾಲು. ಅದರಲ್ಲೂ ನಾವು ರಸ್ತೆಯ ಎಡಗಡೆ ಹೋಗುವವರು, ಟಾರು ರಸ್ತೆ ನೀರು ಹರಿಯಲಿ ಅಂತ ಅಂಚಿಗೆ ಇಳಿಜಾರಾಗಿರುತ್ತದೆ, ಹಾಗಾಗಿ ಎಡಗಾಲಿಗೆ ನೆಲ ಯಾವಾಗಲೂ ಒಂದೆರಡು ಇಂಚು ಕೆಳಗೇ ಸಿಗುವುದು. ಸೈಡ್ ಸ್ಟ್ಯಾಂಡು ಎಡಕ್ಕೆ. ಗಾಡಿ ವಾಲುವುದೂ ಎಡಕ್ಕೆ. ನಿಮ್ಮ ಹೊಸ ಹಿಪ್ಪು ಇರುವುದೂ ಎಡಕ್ಕೆ.

"ಬಲಗಡೆ ಕೆಟ್ಟಿದ್ರೆ ವಾಸಿ ಇತ್ತು ಅನ್ನಿ" ಅಂದರು. ಹಾಗೇನಿಲ್ಲ, ಬಲಗಡೆಗೆ ಬೇರೆ ತಾಪತ್ರಯ. ಕಿಕ್ ಹೊಡೆಯೋದು, ಡಬಲ್ ಸ್ಟ್ಯಾಂಡ್ ಹಾಕುವಾಗ ಒತ್ತೋದು, ಸೀಟು ದಾಟಿಸೋದು ಎಲ್ಲ ಬಲಗಾಲೇ. ಯಾವ ಕಡೆ ಅನ್ನೋದರ ಮೇಲೆ ಏನು ಕಲಿಸಬೇಕು ಅನ್ನೋದು ಪೂರ್ತಿ ಬದಲಾಗುತ್ತದೆ.

ಎಂಟನೇ ವಾರ ಅವರು ಒಂಟಿ ಕಾಲಲ್ಲಿ ನಿಂತದ್ದು ಆರು ಸೆಕೆಂಡು, ಆಮೇಲೆ ಸೊಂಟ ಕುಸಿಯಿತು. ಪಕ್ಕಕ್ಕೆ ಮಲಗಿ ಕಾಲೆತ್ತುವುದು (ಕಾಲುಗಳ ನಡುವೆ ದಿಂಬು ಇಟ್ಟುಕೊಂಡು), ಗೋಡೆ ಹಿಡಿದು ಅಡ್ಡ ಅಡ್ಡ ನಡೆಯುವುದು, ಮೆಟ್ಟಿಲು ಹತ್ತಿ ಇಳಿಯುವುದು, ಎಲ್ಲ ಮಾಡಿಸಿದೆ. ಬೇಜಾರಿನ ಕೆಲಸ. ಜುಲೈ ಆಗಸ್ಟ್ ನಮ್ಮಲ್ಲಿ ಅಂಗಳ ತುಂಬಾ ಪಾಚಿ, ಹೊರಗೆ ನಡೆಸೋಕೆ ನನಗೇ ಭಯ. ಒಳಗೆ ಜಗಲಿಯಲ್ಲೇ ಅಡ್ಡ ನಡೆಸಿದೆ. ಹದಿನಾಲ್ಕನೇ ವಾರಕ್ಕೆ 30 ಸೆಕೆಂಡು ನಿಂತರು, ಗಡಿಯಾರ ಅವರ ಮೊಮ್ಮಗಳ ಕೈಯಲ್ಲಿತ್ತು.

ಈ ನಡುವೆ ಹತ್ತುವ ಇಳಿಯುವ ಅಭ್ಯಾಸ, ನಾನು ಎದುರಿಗಿದ್ದಾಗ ಮಾತ್ರ. ಬಲಗಡೆಯಿಂದ ಹತ್ತಿಸಿ ನೋಡಿದೆ, ಗಟ್ಟಿ ಕಾಲಿನ ಮೇಲೆ ನಿಲ್ಲಬಹುದಲ್ಲ ಅಂತ. ಎಡಗಾಲು ಸೀಟು ದಾಟುವಷ್ಟು ಏಳಲೇ ಇಲ್ಲ, ಸೀಟಿಗೆ ಬಡಿಯಿತು. ಅದನ್ನು ಕೈಬಿಟ್ಟು ಮತ್ತೆ ಎಡಗಡೆಗೇ ಬಂದೆವು. ಗಾಡಿ ಪಕ್ಕ ಏಳು ಇಂಚಿನ ಒಂದು ಚಪ್ಪಡಿ ಕಲ್ಲು ಹಾಕಿದೆವು. ಅದರ ಮೇಲೆ ನಿಂತರೆ ಬಲಗಾಲು ಆರಾಮವಾಗಿ ಆಚೆ ಹೋಗುತ್ತದೆ, ಮುಂದೆ ಬಗ್ಗಬೇಕಾಗಿಲ್ಲ. ಇಳಿದ ಮೇಲೆ ಒಂದೇ ನಿಯಮ: ಊರಿದ ಕಾಲಿನ ಮೇಲೆ ತಿರುಗಬೇಡಿ, ಕಾಲೆತ್ತಿ ಎತ್ತಿ ಇಟ್ಟು ತಿರುಗಿ, ಯಾರು ಕರೆದರೂ ಸರಿ. ಮೊಮ್ಮಗಳಿಗೆ ಒಂದು ಕೆಲಸ ಕೊಟ್ಟಿದ್ದೆ. ಅವರು ಇಳಿಯುವಾಗೆಲ್ಲ ಹಿಂದಿನಿಂದ "ತಾತಾ!" ಅಂತ ಕಿರುಚುವುದು. ಮೊದಲ ನಾಲ್ಕೈದು ಸಲ ಗಕ್ಕನೆ ತಿರುಗುತ್ತಿದ್ದರು. ಆಮೇಲೆ ಪೊಲೀಸ್ ಪರೇಡಿನವರ ಹಾಗೆ ಕಾಲೆತ್ತಿ ತಿರುಗೋಕೆ ಕಲಿತರು.

ಸ್ಕೂಟರ್, ಮತ್ತೆ ನನ್ನ ತಪ್ಪು

ನಾಲ್ಕನೇ ತಿಂಗಳಲ್ಲಿ ಸ್ಕೂಟರ್ ಕೊಡೋಣ ಅಂದುಕೊಂಡೆ. ಕಾಲು ಆಚೆ ಹಾಕುವ ಗೋಜಿಲ್ಲ, ತೂಕ 110 ಕೆಜಿ ಒಳಗೆ, ಎರಡು ಬ್ರೇಕೂ ಕೈಯಲ್ಲಿ. ನಾನು ದಿನಾ ಓಡಿಸುವುದೂ ಅದನ್ನೇ. ಇದರಷ್ಟು ಸೇಫ್ ಯಾವುದು ಅಂದುಕೊಂಡು ಕೂರಿಸಿ, ಕೋನ ಅಳೆಯುವ ಪಟ್ಟಿ ಇಟ್ಟು ನೋಡಿದೆ. ಎಡಗಡೆ ಹಿಪ್ 97 ಡಿಗ್ರಿ ಮಡಚಿತ್ತು. ಹ್ಯಾಂಡಲ್ ಕಡೆ ಸ್ವಲ್ಪ ಬಾಗಿದರೆ ಇನ್ನೂ ಜಾಸ್ತಿ.

ಎತ್ತರದ ಆಳು ಅಂತ ಹೇಳಿದ್ದೆನಲ್ಲ, ಇದಕ್ಕೇ. ಕೆಳಗಿರುವ ಸೀಟಿನಿಂದ ಕಾಲು ಊರೋಕೆ ಸುಲಭ, ನಿಜ. ಆದರೆ ಪಾದ ಇಡುವ ಜಾಗಕ್ಕೂ ಸೀಟಿಗೂ ಅಂತರ ಕಮ್ಮಿ ಇದ್ದರೆ ಉದ್ದ ಕಾಲಿನವರ ಮಂಡಿ ಮೇಲೆ ಬಂದು ಕೂರುತ್ತದೆ, ಸೊಂಟ ಮಡಚಿಕೊಳ್ಳುತ್ತದೆ. ಅವರ ಹಳೇ ಬುಲೆಟ್ ಮೇಲೆ ನೆಟ್ಟಗೆ ಕೂರಿಸಿ ಅಳೆದರೆ 80ರ ಆಸುಪಾಸು. ಓಡುವ ಮಟ್ಟಿಗೆ ಆ ಹಿಪ್ಪಿಗೆ ಸ್ಕೂಟರಿಗಿಂತ ಬುಲೆಟ್ಟೇ ಆರಾಮ. ನನಗಿದು ಮುಂಚೆ ಹೊಳೆದಿರಲಿಲ್ಲ. ಸೀಟಿಗೆ ಎರಡಿಂಚು ಗಟ್ಟಿ ಫೋಮ್ ಹಾಕಿಸಿದೆವು, 88ಕ್ಕೆ ಬಂತು. ಊರೊಳಗಿನ ಟಾರು ರಸ್ತೆಯಲ್ಲಿ ಮೂರು ವಾರ ಓಡಿಸಿದರು. ಚೆನ್ನಾಗಿಯೇ ಆಯಿತು. ಆದರೆ ತೋಟದೊಳಗಿನ ಕಲ್ಲು ದಾರಿಗೆ ಆ ಚಿಕ್ಕ ಚಕ್ರ ಸಾಲದು, ಪ್ರತಿ ಗುಂಡಿಯೂ ನೇರ ಬೆನ್ನಿಗೆ.

ಆಮೇಲೆ ನಾನು ಒಂದು ಬುದ್ಧಿವಂತಿಕೆ ಮಾಡಿದೆ. ಹಳೇ ಬುಲೆಟ್‌ಗೆ ಕಿಕ್ ಹೊಡೆಯಬೇಕು, ಕಿಕ್ ಹೊಡೆಯುವಾಗ ಮೈಭಾರವೆಲ್ಲ ಎಡಗಾಲಿನ ಮೇಲೆ. ಸೆಲ್ಫ್ ಇರುವ ಹೊಸ ಬೈಕ್ ತಗೊಂಡರೆ ಆ ಸಮಸ್ಯೆಯೇ ಇಲ್ಲ. ಅವರ ಬಾಮೈದನ ಹತ್ತಿರ ಹೊಸ ಕ್ಲಾಸಿಕ್ 350 ಇತ್ತು, 195 ಕೆಜಿ, ಸೀಟು 805 ಮಿಲಿಮೀಟರ್. ಅವರ ಕಾಲಿಗೆ ನೆಲ ಸಿಗುತ್ತಿತ್ತು. "ಸ್ವಲ್ಪ ದಿನ ಇದನ್ನು ಓಡಿಸಿ ನೋಡಿ" ಅಂತ ನಾನೇ ಹೇಳಿದೆ.

ಎರಡನೇ ದಿನ ಸಂಜೆ ಒಂದು ತಿರುವಿನಲ್ಲಿ ಹಸು ಅಡ್ಡ ಬಂತು. ವೇಗವೇನೂ ಇರಲಿಲ್ಲ, ಮೂವತ್ತು ಇರಬಹುದು. ರೈಟರು ಎಡಗಾಲಲ್ಲಿ ಜೋರಾಗಿ ಒತ್ತಿದರು. ಗಾಡಿ ನಿಲ್ಲಲಿಲ್ಲ, ಗೇರು ಕೆಳಗಿಳಿದು ಹಿಂದಿನ ಚಕ್ರ ಎಳೆದು ಗಾಡಿ ಅಡ್ಡಕ್ಕೆ ಹೋಯಿತು. ಕೈ ಬ್ರೇಕ್ ನೆನಪಾಗಿ ಹಿಡಿದು, ಚರಂಡಿ ಅಂಚಿನಲ್ಲಿ ನಿಂತರು. ಹಸು ನೋಡಿಕೊಂಡು ಹೋಯಿತಂತೆ.

ಕ್ಲಿನಿಕ್‌ಗೆ ಬಂದಾಗ ಅವರು "ಕಾಲಿನ ಶಕ್ತಿ ಕಮ್ಮಿ ಆಗಿದೆ, ಬ್ರೇಕೇ ಹಿಡೀಲಿಲ್ಲ" ಅಂದರು. ನನಗೆ ತಲೆಬುಡ ಅರ್ಥವಾಗಲಿಲ್ಲ. "ಎಡಗಾಲಲ್ಲಿ ಯಾಕೆ ಬ್ರೇಕ್ ಒತ್ತಿದ್ರಿ? ಬ್ರೇಕ್ ಬಲಗಡೆ ಅಲ್ವಾ?" ಅಂದೆ. ಅವರ ಜೊತೆ ಬಂದಿದ್ದ ಗ್ಯಾರೇಜಿನ ಮೇಸ್ತ್ರಿ ನಗೋಕೆ ಶುರು ಮಾಡಿದ. "ಮೇಡಮ್ಮೋರೇ, ಹಳೇ ಬುಲೆಟ್‌ಗೆ ಬ್ರೇಕು ಎಡಗಾಲಿಗೆ. ಗೇರು ಬಲಗಾಲಿಗೆ. ಅದೂ ಒಂದನೇ ಗೇರು ಮೇಲೆ, ಮಿಕ್ಕಿದ್ದೆಲ್ಲ ಕೆಳಗೆ."

ನಾನು ಬುಲೆಟ್ ಓಡಿಸಿದವಳಲ್ಲ. ನಾಲ್ಕು ತಿಂಗಳು ಈ ಮನುಷ್ಯನ ಎಡಗಾಲನ್ನು "ಗೇರಿನ ಕಾಲು" ಅಂದುಕೊಂಡು ಚಿಕಿತ್ಸೆ ಕೊಟ್ಟಿದ್ದೆ. ಗೇರಿಗೆ ಪಾದ ಆಡಿದರೆ ಸಾಕು, ಸೊಂಟದ ಕೆಲಸ ಹೆಚ್ಚೇನಿಲ್ಲ ಅಂತ ನಿಶ್ಚಿಂತೆಯಿಂದ ಇದ್ದೆ. ಅದು ಅವರ ಬ್ರೇಕಿನ ಕಾಲು. ಇಪ್ಪತ್ತೈದು ವರ್ಷದ ಅಭ್ಯಾಸ. ಯಾಕೆ ಹೇಳಲಿಲ್ಲ ಅಂತ ಕೇಳಿದ್ದಕ್ಕೆ "ನೀವು ಕೇಳ್ಲಿಲ್ಲವಲ್ಲ" ಅಂದರು. ಅದೂ ಸರಿಯೇ.

ಇಡೀ ಪ್ರಕರಣದಲ್ಲಿ ನನಗೆ ಹೆಚ್ಚು ಚುರುಕು ಮುಟ್ಟಿಸಿದ್ದು ಇದು. ಹಿಪ್ಪಿಗೆ ಒಳ್ಳೇದಾಗಲಿ ಅಂತ ಗಾಡಿ ಬದಲಿಸಿದೆ, ಗಾಡಿ ಬದಲಿಸಿದ್ದೇ ಅಪಾಯ ತಂದಿತು. ಈಗ ಯಾರೇ ಬೈಕ್ ಮಾತೆತ್ತಿದರೂ ಮೊದಲು ಗಾಡಿಯನ್ನೇ ಕ್ಲಿನಿಕ್ ಮುಂದೆ ತರಿಸುತ್ತೇನೆ. ಅವರನ್ನು ಕೂರಿಸಿ, ಕಣ್ಣು ಮುಚ್ಚಿಸಿ "ಬ್ರೇಕ್" ಅಂತ ಕೂಗುತ್ತೇನೆ. ಯಾವ ಕಾಲು, ಯಾವ ಕೈ ಆಡುತ್ತದೆ ಅಂತ ನೋಡುತ್ತೇನೆ. ಒಂದು ನಿಮಿಷದ ಕೆಲಸ.

ಅವತ್ತೇ ಎಡಗಾಲನ್ನು ಬ್ರೇಕಿನ ಕಾಲು ಅಂತ ಪರೀಕ್ಷೆ ಮಾಡಿದೆ. ಎತ್ತರದ ಕುರ್ಚಿಯಲ್ಲಿ ಕೂರಿಸಿ, ನೆಲದ ಮೇಲೆ ಒಂದು ಇಟ್ಟಿಗೆ ಇಟ್ಟು, ಪಾದವನ್ನು ಇಟ್ಟಿಗೆಯ ಆಚೆಗೊಮ್ಮೆ ಈಚೆಗೊಮ್ಮೆ ದಾಟಿಸಲು ಹೇಳಿದೆ. ಹತ್ತು ಸೆಕೆಂಡಿನಲ್ಲಿ ಬಲಗಾಲು ಹನ್ನೊಂದು ಸಲ, ಎಡಗಾಲು ಏಳು ಸಲ. ಪಾದ ಎತ್ತುವುದೇ ತಡವಾಗುತ್ತಿತ್ತು. ಅಂದರೆ ಅವತ್ತು ಹಳೇ ಬುಲೆಟ್ ಆಗಿದ್ದರೂ ಬ್ರೇಕ್ ಬೇಗ ಬೀಳುತ್ತಿರಲಿಲ್ಲ. ಇನ್ನೊಂದು ತಿಂಗಳು ಅದಕ್ಕೇ ದುಡಿದೆವು. ನವೆಂಬರ್ ಕೊನೆಗೆ ಹತ್ತು ಸಲಕ್ಕೆ ಬಂತು.

ಮೇಸ್ತ್ರಿಯ ಪಾಠ

ಮತ್ತೆ ಹಳೇ ಬುಲೆಟ್‌ಗೇ ಹೋಗೋದು ಅಂತ ತೀರ್ಮಾನವಾಯಿತು. ಸರ್ಜನ್‌ಗೆ ಆರನೇ ತಿಂಗಳ ಚೆಕಪ್‌ನಲ್ಲಿ ಎಲ್ಲ ವಿವರಿಸಿದರು. ಎಕ್ಸ್‌ರೇ ಚೆನ್ನಾಗಿತ್ತು, ಕಂಬಿ ಮೂಳೆಗೆ ಹಿಡಿದುಕೊಂಡಿತ್ತು. ಅವರು ಒಪ್ಪಿಗೆ ಅಂತ ಏನೂ ಹೇಳಲಿಲ್ಲ. "ಬಿದ್ದರೆ ಏನಾಗುತ್ತೆ ಅಂತ ಗೊತ್ತಲ್ಲ?" ಅಂದರಂತೆ. ಗೊತ್ತು ಅಂದು ಬಂದರು. ಚಾರ್ಮಾಡಿ ಹತ್ತಿ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನುತ್ತಾ ನನಗೆ ಫೋನ್ ಮಾಡಿದರು, "ಡಾಕ್ಟ್ರು ಬೇಡ ಅನ್ಲಿಲ್ಲ" ಅಂತ. ಈ ಮಾತನ್ನು ಅವರು ಹೇಗೆ ಬೇಕಾದರೂ ತಿರುಗಿಸಬಲ್ಲರು.

ಕಿಕ್ಕಿನ ಪ್ರಶ್ನೆ ಬಗೆಹರಿಸಿದ್ದು ಮೇಸ್ತ್ರಿ. ಹಳೇ ಬುಲೆಟ್‌ಗೆ ಹತ್ತು ಸಲ ಒದೆಯುವುದು ಅಂದರೆ ಸರಿಯಾಗಿ ಟ್ಯೂನ್ ಆಗಿಲ್ಲ, ಇಲ್ಲವೇ ಒದೆಯೋಕೆ ಬರಲ್ಲ ಅಂತ ಅವನ ವಾದ. ಕಿಡಿ ಹಾರಿಸುವ ಪಾಯಿಂಟ್ ಹೊಸದು ಹಾಕಿದ, ಟೈಮಿಂಗ್ (ಕಿಡಿ ಹಾರುವ ಹೊತ್ತು) ಸರಿ ಮಾಡಿದ. ಟೈಮಿಂಗ್ ಮುಂದೆ ಹೋಗಿದ್ದರೆ ಕಿಕ್ಕರ್ ವಾಪಸ್ ಒದೆಯುತ್ತದೆ, ಆಗ ನಿಂತ ಕಾಲೂ ಜೋಲಿ ಹೊಡೆಯುತ್ತದೆ. ಆಮೇಲೆ ರೈಟರಿಗೇ ಹೊಸದಾಗಿ ಕಲಿಸಿದ. ಕೀ ಹಾಕಿ ಕಿಕ್ಕರ್ ನಿಧಾನ ಒತ್ತುತ್ತಾ ಆಂಪಿಯರ್ ಮೀಟರ್ ಮುಳ್ಳು ನೋಡೋದು. ಮುಳ್ಳು ನಡುವಿಗೆ ಬಂದು ಕಾಲಿಗೆ ಬಿಗಿ ಸಿಕ್ಕಿತು ಅಂದಾಗ ಡೀಕಂಪ್ರೆಸರ್ (ಎಂಜಿನ್ನಿನ ಬಿಗಿ ಬಿಡಿಸುವ) ಲಿವರ್ ಹಿಡಿದು ಒಂದಿಷ್ಟೇ ಇಷ್ಟು ಮುಂದೆ ಇಳಿಸೋದು, ಲಿವರ್ ಬಿಟ್ಟು, ಕಿಕ್ಕರ್ ಪೂರ್ತಿ ಮೇಲೆ ತಂದು, ಒಂದೇ ಉದ್ದನೆಯ ಒತ್ತು. ಒದೆತ ಅಲ್ಲ, ಒತ್ತು. ಡಬಲ್ ಸ್ಟ್ಯಾಂಡ್ ಮೇಲೆ ಗಾಡಿ, ಎಡಗಾಲು ಆ ಚಪ್ಪಡಿ ಕಲ್ಲಿನ ಮೇಲೆ. ನನ್ನ ಕಣ್ಣೆದುರಿಗೆ ಮೂರರಲ್ಲಿ ಎರಡು ಸಲ ಒಂದೇ ಒತ್ತಿಗೆ ಗಾಡಿ ಗುಡುಗಿತು. ರೈಟರ ಮುಖ ನೋಡಬೇಕಿತ್ತು ನೀವು.

ಇನ್ನೊಂದು ಅಭ್ಯಾಸ ನನ್ನ ಹಟಕ್ಕೆ ಮಾಡಿದ್ದು. ಅದೇ ಈ ಪ್ರಕರಣದಲ್ಲಿ ಕೊನೆಗೆ ಕೆಲಸಕ್ಕೆ ಬಂದದ್ದು. ಗಾಡಿ ಬೀಳಿಸುವ ಅಭ್ಯಾಸ.

ಹಳಬರಿಗೆ ಗಾಡಿ ವಾಲಿದರೆ ಹಿಡಿಯಬೇಕು ಅನ್ನೋದು ರಕ್ತದಲ್ಲೇ ಇರುತ್ತದೆ. 160 ಕೆಜಿಗೂ ಮಿಕ್ಕಿದ ಗಾಡಿ ಎಡಕ್ಕೆ ಒಂದು ಮಟ್ಟ ದಾಟಿ ವಾಲಿತು ಅಂದರೆ ಅದನ್ನು ಯಾವ ಕಾಲೂ ಹಿಡಿಯಲ್ಲ, ಹಿಡಿಯಲು ಹೋದ ಕಾಲು ತಿರುಚಿಕೊಂಡು ಅಡಿಗೆ ಸಿಕ್ಕಿಕೊಳ್ಳುತ್ತದೆ. ನೋಡಿ, ಓಡುತ್ತಿರುವ ಬೈಕ್ ತನ್ನ ಭಾರ ತಾನೇ ಹೊರುತ್ತದೆ, ನಿಂತ ಬೈಕಿನ ಭಾರ ಹೊರುವುದು ನಮ್ಮ ಹಿಪ್ಪು. ಗ್ಯಾರೇಜಿನ ಹಿಂದೆ ಎಡಗಡೆ ಕಾಫಿ ಸಿಪ್ಪೆ ತುಂಬಿದ ಗೋಣಿಚೀಲ ಹಾಸಿ, ಎಂಜಿನ್ ಬಿಚ್ಚಿಟ್ಟಿದ್ದ ಒಂದು ಹಳೇ ಬೈಕ್ ತಂದು, ಕೂರಿಸಿ, ಮೇಸ್ತ್ರಿ ಬಲಗಡೆಯಿಂದ ಮೆಲ್ಲಗೆ ತಳ್ಳುವುದು, ರೈಟರು ಹ್ಯಾಂಡಲ್ ಬಿಟ್ಟು ಎಡಗಾಲಿನಿಂದ ಪಕ್ಕಕ್ಕೆ ಎರಡು ಹೆಜ್ಜೆ ಹಾಕಿ ಆಚೆ ಹೋಗುವುದು. ಮೊದಲ ಐದಾರು ಸಲ ಬಿಡಲೇ ಇಲ್ಲ, ಗಾಡಿ ಜೊತೆ ತಾವೂ ಚೀಲದ ಮೇಲೆ. ನಾನು ಕಣ್ಣು ಮುಚ್ಚಿಕೊಂಡೆ. ಮೇಸ್ತ್ರಿ ಬೈದ: "ಅದು ನಿಮ್ಮ ಗಾಡಿ ಅಲ್ಲ ಸಾರ್, ಬಿಡಿ!" ಹನ್ನೆರಡನೇ ಸಲವೋ ಏನೋ, ಬಿಟ್ಟರು.

(ಇದನ್ನು ನೋಡಿ ಯಾರೂ ಮನೆಯಲ್ಲಿ ಒಬ್ಬರೇ ಮಾಡಬೇಡಿ. ಇವರಿಗೆ ಆಗಲೇ ಆರು ತಿಂಗಳಾಗಿತ್ತು, ಸ್ನಾಯು ಬಂದಿತ್ತು, ಇಬ್ಬರು ಹಿಡಿಯಲು ಇದ್ದೆವು.)

ತಂತಿ ಗೇಟು

ಡಿಸೆಂಬರ್ ಎರಡನೇ ವಾರದಿಂದ ತೋಟಕ್ಕೆ ಹೋದರು. ಕುಯ್ಲು ಶುರುವಾಗಿ ಆಗಲೇ ಹದಿನೈದು ದಿನ. ಅಷ್ಟು ದಿನ ಧಣಿಗಳ ಜೀಪಿನಲ್ಲಿ ಹಾಜರಿಗೆ ಹೋಗಿಬರುತ್ತಿದ್ದರು, ಕೆಲಸ ಎಲ್ಲೂ ಹೋಗಿರಲಿಲ್ಲ. ಆ ಹೆದರಿಕೆಯನ್ನು ಜೂನ್‌ನಲ್ಲೇ ಧಣಿಗಳ ಹತ್ತಿರ ಬಾಯಿಬಿಟ್ಟು ಹೇಳಿದ್ದರೆ ಐದನೇ ವಾರದ ಆ ಶೆಡ್ಡಿನ ಪ್ರಸಂಗವೇ ಇರುತ್ತಿರಲಿಲ್ಲವೇನೋ. ನಾನೂ ಕೇಳಬೇಕಿತ್ತು. ನೋವು ಎಷ್ಟು, ಕಾಲು ಎಷ್ಟು ಏಳುತ್ತೆ ಅಂತ ಕೇಳಿದೆನೇ ಹೊರತು, ಯಾಕಿಷ್ಟು ಅವಸರ ಅಂತ ಕೇಳಲಿಲ್ಲ.

ಜನವರಿಯಲ್ಲಿ ಒಂದು ದಿನ ಮಧ್ಯಾಹ್ನ, ಎರಡು ಬ್ಲಾಕುಗಳ ನಡುವಿನ ತಂತಿ ಗೇಟಿನ ಹತ್ತಿರ ಗಾಡಿ ನಿಲ್ಲಿಸಿದರು. ಸಣ್ಣ ಇಳಿಜಾರು. ಎಡಗಾಲು ಊರಿದ ಕಡೆ ತರಗೆಲೆ ತುಂಬಿತ್ತು, ಅಡಿಯಲ್ಲಿ ಮೊಣಕಾಲುದ್ದದ ತೊಟ್ಟಿಲು ಗುಂಡಿ. ಕಾಫಿ ತೋಟದಲ್ಲಿ ನೀರು ಇಂಗಲಿ ಅಂತ ತೆಗೆಯುತ್ತಾರಲ್ಲ, ಅದು. ಕಾಲು ಇಳಿಯಿತು, ಗಾಡಿ ಎಡಕ್ಕೆ ಬಂತು. ರೈಟರು ಬಿಟ್ಟರು. ಗುಂಡಿಯಿಂದಲೇ ಪಕ್ಕಕ್ಕೆ ಹೊರಳಿ, ಕಾಫಿ ಗಿಡ ಹಿಡಿದುಕೊಂಡು ಆಚೆ ಹೋದರು. ಇಪ್ಪತ್ತೈದು ವರ್ಷ ಸಾಕಿದ ಬುಲೆಟ್ ಸದ್ದು ಮಾಡಿಕೊಂಡು ಮಲಗಿತು. ಹಣ್ಣು ಕುಯ್ಯುತ್ತಿದ್ದ ಹೆಂಗಸರು ಓಡಿಬಂದರಂತೆ. ಕ್ಲಚ್ ಲಿವರ್ ಮುರಿದಿತ್ತು, ಇಂಡಿಕೇಟರ್ ಒಡೆದಿತ್ತು. ಕಾಲಿಗೆ ತರಚು ಗಾಯ ಕೂಡ ಇಲ್ಲ.

ಮಾರನೇ ದಿನ ಆ ಮುರಿದ ಲಿವರ್ ಹಿಡಿದುಕೊಂಡು ಕ್ಲಿನಿಕ್‌ಗೆ ಬಂದು ಮೇಜಿನ ಮೇಲಿಟ್ಟರು. "ಬಿಟ್ಟೆ ಮೇಡಂ" ಅಂದರು. ಸ್ವಲ್ಪ ಬೇಜಾರೂ ಇತ್ತು ದನಿಯಲ್ಲಿ.

ಈಗ ಎರಡು ವರ್ಷದ ಮೇಲಾಯಿತು. ವರ್ಷಕ್ಕೊಮ್ಮೆ ಎಕ್ಸ್‌ರೇ, ಎಲ್ಲ ಸರಿ ಇದೆ. ಮಳೆಗಾಲ ನಾಲ್ಕು ತಿಂಗಳು ಬುಲೆಟ್ ಶೆಡ್ಡಿನಲ್ಲೇ, ಅದು ಅವರೇ ಮಾಡಿಕೊಂಡ ನಿಯಮ. ತೋಟದೊಳಗೆ ಹೆಲ್ಮೆಟ್ ಹಾಕಿ ಅಂತ ನಾನು ಬೇಡಿಕೊಳ್ಳೋದು ಇನ್ನೂ ನಡೀತಿದೆ. ತೋಟದಲ್ಲಿ ಐದಾರು ಕಡೆ ಅವರು ಯಾವಾಗಲೂ ನಿಲ್ಲಿಸುವ ಜಾಗಗಳಲ್ಲಿ ಚಪ್ಪಡಿ ಕಲ್ಲು ಹಾಕಿಸಿಕೊಂಡಿದ್ದಾರೆ.

ಬಗೆಹರಿಯದೆ ಉಳಿದಿರುವುದು ಒಂದೇ. ಅವರ ಮನೆಯವರು ಹಿಂದೆ ಕೂರೋದು. ಸೀರೆ ಉಟ್ಟು ಒಂದೇ ಕಡೆ ಕಾಲು ಇಳಿಬಿಟ್ಟು ಕೂರುತ್ತಾರೆ, ಅದೂ ಎಡಗಡೆಗೆ. ಹತ್ತುವಾಗ ಅವರ ಭಾರವೆಲ್ಲ ಗಾಡಿಯನ್ನು ಎಡಕ್ಕೆ ಎಳೆಯುತ್ತದೆ, ಅದನ್ನು ತಡೆಯಬೇಕಾದ್ದು ಆ ಒಂದು ಕಾಲು. ಕಟ್ಟೆ ಪಕ್ಕ ನಿಲ್ಲಿಸಿ ಹತ್ತಿಸಿಕೊಳ್ಳಬಹುದು ಅಂತ ನಾನೂ ಮೇಸ್ತ್ರಿಯೂ ಹೇಳಿ ನೋಡಿದೆವು, ದೇವಸ್ಥಾನದ ಕಟ್ಟೆ ಹತ್ತಿರ ಒಂದು ಸಲ ಮಾಡಿಯೂ ತೋರಿಸಿದೆವು. ಅಕ್ಕ ಒಪ್ಪಿಲ್ಲ. "ಹತ್ತೋಕೆ ಕಟ್ಟೆ ಸಿಗುತ್ತೆ ಮೇಡಂ, ಇಳಿಯೋ ಕಡೆ ಸಿಗುತ್ತಾ?" ಅಂದರು. ಸಂತೆಗೆ ಬಸ್ಸಲ್ಲೇ ಹೋಗುತ್ತಾರೆ. ರೈಟರು ಬುಲೆಟ್‌ನಲ್ಲಿ ಬಸ್ಸಿನ ಹಿಂದೆ ಹಿಂದೆ.